ಮೋಜಾ ಅಂದ್ರೆ ಕಾಲುಚೀಲ ಅಲ್ಲ

ನಮ್ಮ ಮನೆ ವಾಟ್ಸಾಪ್ ಗುಂಪಿನ ಹೆಸರು ‘ಬೇತಮಂಗಲ ಮನೆತನ’. 31 ಜನ ಇದೀವಿ. ಅಡ್ಮಿನ್ ನಾನು, ಅದೂ ಬೇಡ ಬೇಡ ಅಂದ್ರೂ ತಲೆಗೆ ಕಟ್ಟಿದ್ದು. ದಿನಾ ಬರೋದು ಗುಡ್ ಮಾರ್ನಿಂಗ್ ಗುಲಾಬಿ, ಏಕಾದಶಿ ಇವತ್ತಾ ನಾಳೆನಾ ಅನ್ನೋ ಅನುಮಾನ, ಕೋಲಾರ ಮಂಡೀಲಿ ಟೊಮೇಟೊ ಬಾಕ್ಸ್ ರೇಟು. ಕಳೆದ ಭಾನುವಾರ ಮಾತ್ರ ಜಗಳ ಆಯ್ತು. ನನ್ನ ಫೋನಲ್ಲಿ ಹೆಂಗೆ ಸೇವ್ ಆಗಿದಾರೋ ಅದೇ ಹೆಸರಲ್ಲಿ ಇಳಿಸ್ತಿದೀನಿ.

ಶುರು ಮಾಡಿದ್ದು ಕೋಲಾರದ ಚಿಕ್ಕಮ್ಮ. ಅವರ ಮಗಳು ಪುಟ್ಟಿ ಆಫೀಸಿಗೆ ರಜೆ ಹಾಕಿ ಆರು ವಾರಕ್ಕೆ ಕೀನ್ಯಾಕ್ಕೆ ಹೋಗಿದಾಳೆ, ಅಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟೋ ಕೆಲಸಕ್ಕೆ ಸ್ವಯಂಸೇವಕಿ ಅಂತ. ಊರು ಮಚಾಕೋಸ್ ಕಡೆ, ನೈರೋಬಿಯಿಂದ ಸುಮಾರು 60 ಕಿಲೋಮೀಟರ್. ಅವಳು ಅಮ್ಮನಿಗೆ ಮಾತ್ರ ಅಂತ ಬರೆದಿದ್ದನ್ನ ಚಿಕ್ಕಮ್ಮ ಹೆಮ್ಮೆ ತಡೀಲಾರದೆ ಗುಂಪಿಗೆ ತಳ್ಳಿಬಿಟ್ರು, ಜೊತೆಗೆ ಎರಡು ಫೋಟೊ.

“ಅಮ್ಮಾ, ಅಂತೂ ನಾಲ್ಕನೇ ದಿನಕ್ಕೆ ಬ್ಯಾಗ್ ಸಿಕ್ತು. ವಿಮಾನ ಬದಲಾಯಿಸೋ ಊರಲ್ಲೇ ಉಳ್ಕೊಂಡಿತ್ತಂತೆ. ನಾಲ್ಕು ದಿನವೂ ಒಂದೇ ಚೂಡಿದಾರ. ಸ್ವೆಟರ್ ಬೇಡ, ಆಫ್ರಿಕಾ ಅಂದ್ರೆ ಬಿಸಿಲು ಅಂತ ನಿನ್ನ ಹತ್ರ ವಾದ ಮಾಡಿದ್ನಲ್ಲ, ಇಲ್ಲಿ ಆಗಸ್ಟ್ ಅಂದ್ರೆ ಚಳಿಗಾಲ. ಊರು ನಂದಿ ಬೆಟ್ಟಕ್ಕಿಂತ ಎತ್ತರದಲ್ಲಿದೆ. ರಾತ್ರಿ ಹಲ್ಲು ಕಟಕಟ ಅಂತು. ಮನೆ ಅಜ್ಜಿ ಎದ್ದು ಬಂದು ತನ್ನ ಕಂಬಳೀನೇ ನನ್ನ ಮೇಲೆ ಹಾಕಿ ಹೋದ್ಳು.

ಕೆಲಸದ ಮೊದಲ ದಿನವೇ ಮಾನ ಹೋಯ್ತು. ಮೇಸ್ತ್ರಿ ‘ಕೇಶೊ, ಸಾ ಮೋಜಾ’ ಅಂದ್ರು. ಕೇಶೊ ಅಂದ್ರೆ ನಾಳೆ, ಸಾ ಅಂದ್ರೆ ಗಂಟೆ, ಮೋಜಾ ಅಂದ್ರೆ ಒಂದು. ವಿಮಾನದಲ್ಲಿ ಕೂತು ಸ್ವಾಹಿಲಿಯಲ್ಲಿ ಹತ್ತರವರೆಗೆ ಕಲ್ತಿದ್ದೆ, ಆ ಜಂಬ ಬೇರೆ. ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಇರೋವಾಗಲೇ ಹೋಗಿ ನಿಂತೆ. ಅವರೆಲ್ಲ ಕೆಲಸ ಮುಗಿಸಿ ಕೈಕಾಲು ತೊಳೀತಿದ್ರು. ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಹೊತ್ತು ಹುಟ್ಟಿದ ಮೇಲಿಂದ ಅಂತೆ. ನಮ್ಮ ಬೆಳಗ್ಗೆ 7 ಅವರಿಗೆ ಒಂದು ಗಂಟೆ. ಒಬ್ರೂ ಬೈಲಿಲ್ಲ. ಒಬ್ಬಾಕೆ ನಕ್ಕು ನಕ್ಕು ಸಿಮೆಂಟ್ ಮೂಟೆ ಮೇಲೆ ಕೂತ್ಬಿಟ್ಳು.”

ಮಾಲೂರು ಅತ್ತೆ: ಮೋಜಾ ಅಂದ್ರೆ ಕಾಲುಚೀಲ ಅಲ್ವೇನ್ರೇ? ನಮ್ಮ ಪಕ್ಕದ್ಮನೆ ಉರ್ದು ಟೀಚರಮ್ಮ ಅಂಗೇ ಅನ್ನೋದು

ರಾಜಾಜಿನಗರ ಅಣ್ಣ: 😂😂 ಅತ್ತೆ ಅದು ಬೇರೆ ಭಾಷೆ

ದೊಡ್ಡಪ್ಪ ಮುಳಬಾಗಿಲು: ಇದರಲ್ಲಿ ನಗುವಂಥದ್ದೇನಿದೆ? ನಮ್ಮ ಪಂಚಾಂಗದ ಘಳಿಗೆಯೂ ಸೂರ್ಯೋದಯದಿಂದಲೇ. ಒಂದು ಘಳಿಗೆಗೆ 24 ನಿಮಿಷ. ಮನೆಯಲ್ಲಿ ಪಂಚಾಂಗ ನೋಡಲು ಕಲಿತಿದ್ದರೆ ಅಲ್ಲಿ ಹೋಗಿ ಮಾನ ಕಳೆದುಕೊಳ್ಳುತ್ತಿರಲಿಲ್ಲ.

(ದೊಡ್ಡಪ್ಪ ರಿಟೈರ್ಡ್ ಹೆಡ್‌ಮಾಸ್ಟರ್. ಮೆಸೇಜಿಗೂ ಪೂರ್ಣವಿರಾಮ ಇಡ್ತಾರೆ. ಪೂರ್ಣವಿರಾಮ ಕಂಡ್ರೆ ಮುಂದೆ ಏನೋ ಬರ್ತದೆ ಅಂತ ಅರ್ಥ.)

ದೊಡ್ಡಪ್ಪ ಮುಳಬಾಗಿಲು: ಟಿಕೆಟ್ಟಿಗೆ ಎಷ್ಟಾಯಿತು?

ಚಿಕ್ಕಮ್ಮ ಕೋಲಾರ: ಅವಳ ಸಂಬಳದ ದುಡ್ಡು ಭಾವ

ದೊಡ್ಡಪ್ಪ ಮುಳಬಾಗಿಲು: ಯಾರ ದುಡ್ಡು ಎಂದು ಕೇಳಲಿಲ್ಲಮ್ಮ. ಕೈಯಿಂದ ಖರ್ಚು ಮಾಡಿ ಸಾವಿರಾರು ಮೈಲಿ ಹೋಗಿ ಕಲ್ಲು ಹೊರುವುದು ಸೇವೆಯೋ, ಪ್ರವಾಸವೋ? ಇಲ್ಲಿ ಪಾಲಾರ್ ಹೊಳೆ ಒಣಗಿ ಸೀಮೆಜಾಲಿ ಬೆಳೆದಿದೆ. ಇಲ್ಲಿ ಒಂದು ಬುಟ್ಟಿ ಮಣ್ಣು ಎತ್ತದವಳು ಅಲ್ಲಿ ಕಟ್ಟೆ ಕಟ್ಟುತ್ತಾಳಂತೆ. ಮನೆಗೆ ಮಾರಿ, ಊರಿಗೆ ಉಪಕಾರಿ.

ಹತ್ತು ನಿಮಿಷ ಯಾರೂ ಮಾತಿಲ್ಲ. ಚಿಕ್ಕಪ್ಪ ಓದಿದ್ರು, ನೀಲಿ ಗೆರೆ ಬಿತ್ತು. ಗುಂಪಿನಲ್ಲಿ ಅವರ ಕೊಡುಗೆ ಯಾವಾಗ್ಲೂ ಅಷ್ಟೇ.

ತಮ್ಮ ಚಿಂತಾಮಣಿ: ದೊಡ್ಡಪ್ಪ ಕೆರೆಗಳು ತುಂಬಿದಾವಲ್ಲ, 2018ರಲ್ಲೇ ಬೆಂಗಳೂರಿಂದ ಕೆ.ಸಿ. ವ್ಯಾಲಿ ಯೋಜನೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ

ದೊಡ್ಡಪ್ಪ ಮುಳಬಾಗಿಲು: ಬೆಂಗಳೂರು ಸ್ನಾನ ಮಾಡಿ ಬಿಟ್ಟ ನೀರು. ಎರಡು ಹಂತ ಸೋಸಿ ಕಳಿಸಿದ್ದಾರೆ. ಅದನ್ನು ಹೊಳೆ ಎನ್ನಬೇಡ.

ಅಷ್ಟೊತ್ತಿಗೆ ಪುಟ್ಟಿ ಬಂದ್ಳು. ನಮ್ಗೆ ಮಧ್ಯಾಹ್ನ ಎರಡೂವರೆ, ಅವಳಿಗೆ ಹನ್ನೆರಡು. (ಅವರ ಲೆಕ್ಕದಲ್ಲಿ ಆರು. ನಾನೂ ಕಲ್ತೆ.)

ಪುಟ್ಟಿ ಕೀನ್ಯಾ: ಅಮ್ಮಾ!!! ಇದನ್ನ ಯಾಕೆ ಗುಂಪಿಗೆ ಹಾಕ್ದೆ

ಚಿಕ್ಕಮ್ಮ ಕೋಲಾರ: ಚೆನ್ನಾಗಿ ಬರ್ದಿದ್ಯಲ್ಲ ಅಂತ

ಪುಟ್ಟಿ ಕೀನ್ಯಾ: ದೊಡ್ಡಪ್ಪ ನಮಸ್ಕಾರ. ಮಟಾಟು ಸ್ಟ್ಯಾಂಡಲ್ಲಿ ಕೂತಿದೀನಿ, ಎರಡು ಗಂಟೆ ಆಯ್ತು. ಸೀಟು ತುಂಬದೆ ಹೊರಡಲ್ಲ

ಮಾವ ಬೇತಮಂಗಲ: ನಮ್ ಕೆಜಿಎಫ್ ಟೆಂಪೊ ಇದ್ದಂಗೆ ಅನ್ನು

ಪುಟ್ಟಿ ಕೀನ್ಯಾ: ಹೂಂ ಮಾವ, ಟಾಪ್ ಮೇಲೆ ಕೋಳಿ ಸಮೇತ. ದೊಡ್ಡಪ್ಪ, ನೀವು ಹೇಳಿದ್ದು ಓದಿದೆ. ಸೇವೆ ಅಂತ ನಾನು ಎಲ್ಲೂ ಬರ್ದಿಲ್ಲ. ನಿಜ ಹೇಳ್ಲಾ? ಕಲ್ಲು ಕೈಯಿಂದ ಕೈಗೆ ದಾಟಿಸೋ ಸಾಲಲ್ಲಿ ನಿಂತೆ. ಎರಡನೇ ದಿನ ಬೆನ್ನು ಹಿಡೀತು. ನನ್ನ ಜಾಗಕ್ಕೆ ಬಂದಾಕೆಗೆ ಅರವತ್ತು ದಾಟಿದೆ, ನನ್ನ ಮುಖ ನೋಡಿ ‘ಪೋಲೆ, ಪೋಲೆ’ ಅಂತಿದ್ಳು, ಪಾಪ ಪಾಪ ಅನ್ನೋ ಹಂಗೆ. ಈಗ ನಂಗೆ ಕೊಟ್ಟಿರೋದು ಸಿಮೆಂಟ್ ಮೂಟೆ ಎಣಿಸಿ ಪುಸ್ತಕದಲ್ಲಿ ಬರೆಯೋ ಕೆಲಸ. ನಂಗೋಸ್ಕರ ದಿನಾ ಒಂದು ಬಕೆಟ್ ಬಿಸಿನೀರು ಕಾಯಿಸ್ತಾರೆ. ಆ ನೀರನ್ನ ಮನೆ ಹುಡುಗಿ ಹೊಳೆಯಿಂದ ಹೊತ್ತು ತರ್ತಾಳೆ. ಅದು ಗೊತ್ತಾದ ಮೇಲೆ ದಿನ ಬಿಟ್ಟು ದಿನ ಸ್ನಾನ

ರಾಜಾಜಿನಗರ ಅಣ್ಣ: ಅಂದ್ರೆ ದೊಡ್ಡಪ್ಪ ಹೇಳಿದ್ದೇ ಸರಿ. ಆ ಟಿಕೆಟ್ ದುಡ್ಡು ಅವರಿಗೇ ಕಳ್ಸಿದ್ರೆ ಸಿಮೆಂಟ್ ಆದ್ರೂ ಬರ್ತಿತ್ತು

ಪುಟ್ಟಿ ಕೀನ್ಯಾ: ಬರ್ತಿತ್ತು. ಇಲ್ಲ ಅನ್ನಲ್ಲ. ನೀನು ಹೋದ ವರ್ಷ ಬಾಲಿಗೆ ಹೋದಾಗ ಯಾರೂ ಈ ಲೆಕ್ಕ ಕೇಳ್ಲಿಲ್ಲ ಅಷ್ಟೆ

ಇದಕ್ಕೆ ನಾನು 👍 ಒತ್ತಿ, ಅಡ್ಮಿನ್ ಅಲ್ವಾ ಅಂತ ವಾಪಸ್ ತೆಗೆದೆ. ಅಣ್ಣ ಅದನ್ನೂ ನೋಡಿದಾನೆ.

ಈ ಮಧ್ಯೆ ಮಾವ ಫೋಟೊ ದೊಡ್ಡದು ಮಾಡಿ ನೋಡ್ತಾ ಕೂತಿದಾರೆ. ಒಣಗಿದ ಹೊಳೆ, ಅಡ್ಡ ಒಂದು ಕಲ್ಲಿನ ಗೋಡೆ, ಗೋಡೆ ಹಿಂದೆ ಅದರ ತಲೆವರೆಗೂ ಮರಳು. ಮರಳಲ್ಲಿ ಮಂಡಿಯುದ್ದ ಗುಂಡಿ, ಗುಂಡೀಲಿ ನೀರು, ಪಕ್ಕದಲ್ಲಿ ಹಳದಿ ಕ್ಯಾನು, ಒಂದು ಕತ್ತೆ.

ಮಾವ ಬೇತಮಂಗಲ: ಏನಮ್ಮಾ ಇದು ಈ ಪಾಟಿ ಮರಳು!! ಲೋಡು ಎಷ್ಟಕ್ಕೆ ಹೋಗ್ತದೆ ಅಲ್ಲಿ?

ಪುಟ್ಟಿ ಕೀನ್ಯಾ: ಮಾವ 😂 ಮಾರಕ್ಕಲ್ಲ, ಇಟ್ಕೊಳ್ಳಕ್ಕೆ. ಇದೇ ಮರಳು ಕಟ್ಟೆ. ಹೊಳೆ ತಳದ ಬಂಡೆ ಮೇಲೆ ಗೋಡೆ ಏಳಿಸ್ತಾರೆ. ಮಳೆ ಬಂದಾಗ ಹೊಳೆ ಮರಳು ಹೊತ್ತು ತರುತ್ತಲ್ಲ, ಅದು ಗೋಡೆ ಹಿಂದೆ ಕೂರುತ್ತೆ. ಒಂದು, ಎರಡು, ಹೆಚ್ಚಂದ್ರೆ ಮೂರು ಮಳೆಗಾಲಕ್ಕೆ ತುಂಬುತ್ತೆ. ನೀರು ಮರಳಿನ ಸಂದೀಲಿ ನಿಲ್ಲುತ್ತೆ. ನೂರು ಬಿಂದಿಗೆ ಮರಳಲ್ಲಿ 25ರಿಂದ 40 ಬಿಂದಿಗೆ ನೀರು. ಬಿಸಿಲಿಗೆ ಅಷ್ಟಾಗಿ ಆರಲ್ಲ, ಸೊಳ್ಳೆ ಮೊಟ್ಟೆ ಇಡಲ್ಲ. ಬೇಕಾದಾಗ ತೋಡ್ಕೊಳ್ಳೋದು, ಇಲ್ಲಾ ಪೈಪ್ ಇಟ್ಟು ಕೆಳಗೆ ನಲ್ಲಿ

ಮಾವ ಬೇತಮಂಗಲ: ಅಂದ್ರೆ ಮರಳೇ ತೊಟ್ಟಿ

ಪುಟ್ಟಿ ಕೀನ್ಯಾ: ಹೂಂ. ಕಟ್ಟೋದು ಊರವ್ರೇ, ಹೆಂಗಸ್ರೇ ಜಾಸ್ತಿ. ಇವತ್ತು ನಿನ್ನ ಹೊಲಕ್ಕೆ, ನಾಳೆ ನನ್ನ ಹೊಲಕ್ಕೆ ಅಂತ ಒಟ್ಟಾಗಿ ಮಾಡೋದಕ್ಕೆ ಇಲ್ಲಿ ಮ್ವೆಥ್ಯ ಅಂತಾರೆ

ಮಾವ ಬೇತಮಂಗಲ: ಮುಯ್ಯಾಳು ಕಣಮ್ಮ ಅದು. ನಮ್ಮಮ್ಮನ ಕಾಲ್ದಲ್ಲಿ ನಾಟಿ ಅಂಗೇ ಆಗ್ತಿದ್ದಿದ್ದು

ದೊಡ್ಡಪ್ಪ ಮುಳಬಾಗಿಲು: ನಾವು ಹುಡುಗರಾಗಿದ್ದಾಗ ಪಾಲಾರಿನಲ್ಲಿ ಎರಡಡಿ ಕೈಯಲ್ಲೇ ತೋಡಿದರೆ ಒರತೆ. ಪಾವಗಡದ ಕಡೆ ಅದನ್ನೇ ತಲಪರಿಗೆ ಎನ್ನುತ್ತಾರೆ. ಇದನ್ನು ಕಲಿಯಲು ಆಫ್ರಿಕಾಕ್ಕೆ ಹೋಗಬೇಕಿರಲಿಲ್ಲ. ನಮ್ಮ ಜನ ದುರಾಸೆಗೆ ಬಿದ್ದರು. ಬೆಂಗಳೂರಿನ ಬಿಲ್ಡಿಂಗಿಗೆ ಹೊಳೆ ಮಾರಿದರು. ಹೊಳೆ ಮುಗಿದ ಮೇಲೆ ಕೆರೆ ಮಣ್ಣು ತೊಳೆದು ಫಿಲ್ಟರ್ ಮರಳು ಮಾಡಿ ಮಾರಿದರು. ಕಳ್ಳರು.

ಆ ಕೊನೇ ಪದ ಬೇಕಿರಲಿಲ್ಲ. ಗುಂಪಲ್ಲಿ ಟ್ರಾಕ್ಟರ್ ಇಟ್ಟಿದ್ದೋರು ಮೂರು ಜನ ಇದಾರೆ.

ಮಾವ ಬೇತಮಂಗಲ: ಭಾವ ಯಾರ್ಗೆ ಅಂದ್ರಿ

ದೊಡ್ಡಪ್ಪ ಮುಳಬಾಗಿಲು: ಸಾಮಾನ್ಯವಾಗಿ ಹೇಳಿದೆ.

ಮಾವ ಬೇತಮಂಗಲ: ಸಾಮಾನ್ಯವಾಗಿ ನಾನೂ ಹೇಳ್ತೀನಿ. ನಾನು ಮರಳು ಹೊಡ್ದಿದೀನಿ, ಇಲ್ಲ ಅನ್ನಲ್ಲ. ಟ್ರಾಕ್ಟರ್ ಹೊಳೆಗೆ ಇಳೀತಿದ್ದಿದ್ದು ಯಾರ ತೋಟದಲ್ಲಿ ಭಾವ? ಹೊಂಗೆಮರದ ಪಕ್ಕ ದಾರಿ ಮಾಡ್ಕೊಟ್ಟು ಲೋಡಿಗೆ ಐವತ್ತು ರೂಪಾಯಿ ಇಸ್ಕೊಂಡಿದ್ದು ಯಾರು? ನಿಮ್ ಚೀಟಿ ಪುಸ್ತಕ ನಮ್ಮನೇಲಿ ಇನ್ನೂ ಅದೆ

‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಬಂತು ಎರಡು ನಿಮಿಷಕ್ಕೆ. ಅಷ್ಟರಲ್ಲಿ ಓದಬೇಕಾದವರು ಓದಿ ಆಗಿತ್ತು.

ಅಳಿಸಿದ್ದನ್ನ ನಾನು ಇಲ್ಲಿ ಯಾಕೆ ಇಳಿಸಿದೆ ಅಂದ್ರೆ, ಆ ಚೀಟಿ ಪುಸ್ತಕದಲ್ಲಿ ಅಕ್ಷರ ಕೆಲವು ಕಡೆ ನಂದೇ. ಬೇಸಿಗೆ ರಜೇಲಿ ಹೊಂಗೆಮರದ ಕೆಳಗೆ ಕೂತು ಲೋಡ್ ಗೀಟು ಹಾಕ್ತಿದ್ದೆ, ನಾಲ್ಕು ಗೀಟು, ಐದನೇದು ಅಡ್ಡ. ಡಿಪ್ಲೊಮಾ ಫೀಸು ಆ ಗೀಟಿನಿಂದಲೇ ಕಟ್ಟಿದ್ದು. ಮರದ ಆಚೆ ಇದ್ದ ತೆರೆದ ಬಾವಿ ಅದಾಗಿ ನಾಲ್ಕು ವರ್ಷಕ್ಕೆ ಬತ್ತಿತು. ಆಮೇಲೆ ಕೊರೆಸಿದ ಬೋರು 1,200 ಅಡಿ. ದೊಡ್ಡಪ್ಪನ ವಾಕ್ಯ ಓದಿದಾಗ ಕೈ ಟೈಪ್ ಮಾಡಕ್ಕೆ ಹೋಗಿ ನಿಂತಿತ್ತು. ಮಾವನಿಗಿದ್ದ ಧೈರ್ಯ ನನಗಿರಲಿಲ್ಲ.

ಪುಟ್ಟಿ ಕೀನ್ಯಾ: ಇಲ್ಲೂ ಕದೀತಾರೆ. ರಾತ್ರಿ ಲಾರಿ, ನೈರೋಬಿಗೆ. ಪಕ್ಕದ ಮಕುಯೇನಿಯಲ್ಲಿ 2015ರಲ್ಲಿ ಮರಳು ಕಾಪಾಡಕ್ಕೇ ಒಂದು ಕಾಯ್ದೆ ಮಾಡಿದ್ರಂತೆ. ನೀವಿಬ್ರೂ ಜಗಳ ಆಡ್ಬೇಡಿ ಪ್ಲೀಸ್

ಮಾಲೂರು ಅತ್ತೆ: ಟೊಮೇಟೊ ಇವತ್ತು ಎಷ್ಟು ಯಾರಾದ್ರೂ ಹಾಕ್ರೋ

ಅತ್ತೆ ಬಗ್ಗೆ ನನಗೆ ಗೌರವ ಜಾಸ್ತಿ ಆಗಿದ್ದು ಇಂಥ ಕಡೆಗಳಲ್ಲೇ.

ಸಂಜೆಗೆ ದೊಡ್ಡಪ್ಪನ ಫೋನಿಂದ ವಾಯ್ಸ್ ಮೆಸೇಜ್. ದೊಡ್ಡಪ್ಪನದಲ್ಲ, ಅಜ್ಜೀದು. ಹಿಂದೆ ಟಿ.ವಿ. ಸೌಂಡು. “ಯಮ್ಮಾ ಪುಟ್ಟೀ, ಅಲ್ಲಿ ಮುದ್ದೆ ಮಾಡ್ತಾರಾ? ಬ್ಯಾಗಲ್ಲಿಟ್ಟ ಹುರಿಹಿಟ್ಟು ಕೆಟ್ಟೋಯ್ತಾ?”

ಪುಟ್ಟಿ ಕೀನ್ಯಾ: ಅಜ್ಜೀ, ಹಿಟ್ಟು ಚೆನ್ನಾಗಿದೆ. ಇಲ್ಲಿ ಉಗಾಲಿ ಅಂತ ಮಾಡ್ತಾರೆ, ಥೇಟ್ ಮುದ್ದೆ, ಆದ್ರೆ ಬಿಳೀದು, ಜೋಳದ್ದು, ಮುಸುಕಿನ ಜೋಳ. ಮುರ್ಕೊಂಡು ಅಗೀತಾರೆ. ನಾನು ನುಂಗಿದ್ದು ನೋಡಿ ಗಂಟಲಿಗೆ ಸಿಕ್ಕಿತು ಅಂತ ಗಾಬರಿಯಾಗಿ ಬೆನ್ನಿಗೆ ಗುದ್ದಿದ್ರು. ಬ್ಯಾಗ್ ಇಲ್ದೆ ಅಳ್ತಾ ಕೂತಿದ್ದ ಮೊದಲ ಬೆಳಗ್ಗೆ ಒಂದು ಲೋಟ ಉಜಿ ಕೊಟ್ರು. ಕುಡಿದ್ರೆ ನಮ್ಮನೆ ರಾಗಿ ಗಂಜಿ! ರಾಗಿಗೆ ವಿಂಬಿ ಅಂತಾರೆ

ರಾಜಾಜಿನಗರ ಅಣ್ಣ: ರಾಗಿ ಮೂಲ ಪೂರ್ವ ಆಫ್ರಿಕಾನೇ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂದಿದ್ದು. ತವರಿಗೇ ಹೊತ್ಕೊಂಡು ಹೋಗಿದಾಳೆ ನೋಡು ಮೂರು ಕೆ.ಜಿ.

ಅಜ್ಜಿ ಇದನ್ನ ಒಪ್ಪಲಿಲ್ಲ. ರಾಗಿ ನಮ್ಮದೇ ಅಂತ ಇನ್ನೊಂದು ವಾಯ್ಸ್ ಬಂತು, 47 ಸೆಕೆಂಡಿಂದು, ಅರ್ಧ ತೆಲುಗು.

ಗುಂಪು ತಣ್ಣಗಾಯ್ತು ಅನ್ನೋವಾಗ ರಾತ್ರಿ ಒಂಬತ್ತೂವರೆಗೆ:

ಪುಟ್ಟಿ ಕೀನ್ಯಾ: ಅಮ್ಮಾ ನನ್ನ ಹಳದಿ ಕಾರ್ಡ್ ಎಲ್ಲಿದೆ? ಹಳದಿ ಜ್ವರದ ಲಸಿಕೆದು

ಚಿಕ್ಕಮ್ಮ ಕೋಲಾರ: ಕಳ್ದೋಗ್ಬಾರ್ದು ಅಂತ ಬೀರುವಲ್ಲಿ ಜೋಪಾನ ಮಾಡಿ ಇಟ್ಟಿದೀನಿ ಕಂದ

ಪುಟ್ಟಿ ಕೀನ್ಯಾ: ಅಯ್ಯೋ

ರಾಜಾಜಿನಗರ ಅಣ್ಣ: ಚಿಕ್ಕಮ್ಮಾ!! ಅದು ವಾಪಸ್ ಬರೋವಾಗ ಬೇಕು. ದೇವನಹಳ್ಳಿ ಏರ್‌ಪೋರ್ಟಲ್ಲಿ ಇಳಿದ ತಕ್ಷಣ ಕೇಳ್ತಾರೆ. ಇಲ್ಲಾಂದ್ರೆ ಆರು ದಿನ ಕ್ವಾರಂಟೈನ್. ಫೋಟೊ ನಂಬ್ಕೋಬೇಡಿ, ಅಸಲು ಕಾರ್ಡೇ ಇರ್ಲಿ

ಮಾಲೂರು ಅತ್ತೆ: ಜ್ವರ ಇಲ್ದೆ ಇದ್ರೂ ಕೂರಿಸ್ತಾರಾ

ಚಿಕ್ಕಪ್ಪ ಕೋಲಾರ: ನಾನು ಹೇಳಿದ್ದೆ

(ಚಿಕ್ಕಪ್ಪನ ಈ ವರ್ಷದ ಮೊದಲ ಮೆಸೇಜು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ.)

ಬೀರು ಬೀಗದ ಕೈ, ಕೊರಿಯರ್, ನೈರೋಬಿಗೆ ಎಷ್ಟು ದಿನ ಅಂತ ಮಧ್ಯರಾತ್ರಿವರೆಗೆ ನಡೀತು, ಅದೆಲ್ಲ ಬೇಡ. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಒಂದು ರಸೀದಿಯ ಫೋಟೊ, ಸ್ವಲ್ಪ ಅಲುಗಿದ್ದು.

ದೊಡ್ಡಪ್ಪ ಮುಳಬಾಗಿಲು: ಮೊದಲ ಬಸ್ಸಿಗೆ ಕೋಲಾರಕ್ಕೆ ಬಂದು ಕಾರ್ಡ್ ತೆಗೆದುಕೊಂಡು ಕಳಿಸಿದ್ದೇನೆ. ಜೊತೆಯಲ್ಲಿ ಒಂದು ಸ್ವೆಟರ್ ಇದೆ. ನಿನಗಲ್ಲ, ಕಂಬಳಿ ಕೊಟ್ಟ ಅಜ್ಜಿಗೆ.

ಪುಟ್ಟಿ ಕೀನ್ಯಾ: ದೊಡ್ಡಪ್ಪ 🙏🙏

ದೊಡ್ಡಪ್ಪ ಮುಳಬಾಗಿಲು: ಒಂದು ವಿಷಯ ಕೇಳಿ ಹೇಳು. ಗೋಡೆಗೆ ಬಂಡೆ ಎಷ್ಟು ಆಳದಲ್ಲಿರಬೇಕು? ನಮ್ಮ ಕಡೆ ಹೊಳೆಯಲ್ಲಿ ಬಂಡೆ ಎಲ್ಲಿದೆಯೋ ಯಾರಿಗೆ ಗೊತ್ತು.

ಮೂರು ಜನ ಟೈಪ್ ಮಾಡ್ತಿರೋದು ಕಾಣ್ತು, ಇಬ್ರು ನಿಲ್ಲಿಸಿದ್ರು.

ಮಾವ ಬೇತಮಂಗಲ: ಹೊಂಗೆಮರದ ಎದುರಿಗೇ ಅದೆ ಭಾವ, ಆರಡಿಗೆ. ಸಲಿಕೆ ಠಣ್ ಅಂತಿತ್ತು