ಫಿಲ್ಲರ್ ಬಗ್ಗೆ ಬರೆಯುವಾಗ ‘ನರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮುಂಬೈಯ ಮಾಟುಂಗಾದಲ್ಲಿ ಒಂದು ಚರ್ಮದ ಕ್ಲಿನಿಕ್ ಇದೆ. ಅಲ್ಲಿಗೆ ಬರುವ ಕನ್ನಡಿಗರಿಗಾಗಿ ಒಂದು ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ತುಟಿಗೋ ಮೂಗಿಗೋ ಫಿಲ್ಲರ್ (ಆಕಾರ ತುಂಬಿಕೊಳ್ಳಲೆಂದು ಚರ್ಮದಡಿ ಹಾಕುವ ಜೆಲ್) ಚುಚ್ಚುವ ಮೊದಲು ಡಾಕ್ಟರು ಅಲ್ಟ್ರಾಸೌಂಡ್ ಹಿಡಿದು ಚರ್ಮದ ಒಳಗೆ ನೋಡುತ್ತಾರೆ. ಯಾಕೆ ನೋಡುತ್ತಾರೆ, ಚುಚ್ಚಿದ ಮೇಲೆ ಏನು ಕಂಡರೆ ತಕ್ಷಣ ಫೋನ್ ಮಾಡಬೇಕು, ಇಷ್ಟೇ ಹಾಳೆಯ ವಿಷಯ.

ಅಲ್ಟ್ರಾಸೌಂಡಿಗೆ ‘ಶ್ರವಣಾತೀತ’ ಬೇಡ ಎಂದು ಮೊದಲೇ ನಿರ್ಧರಿಸಿದೆ. ಊರಲ್ಲಿ ಸ್ಕ್ಯಾನಿಂಗ್ ಅನ್ನುತ್ತಾರೆ, ಇಲ್ಲಿ ಮರಾಠಿಯವರ ಜೊತೆ ಇದ್ದು ಇದ್ದು ನಮಗೂ ಸೋನೋಗ್ರಫಿ ರೂಢಿಯಾಗಿದೆ. ಆ ಪದ ಕೇಳಿದರೆ ಬಸುರಿಯ ನೆನಪೇ ಜಾಸ್ತಿ, ಅದಕ್ಕೆ ‘ಮುಖದ ಸೋನೋಗ್ರಫಿ’ ಎಂದು ಬರೆದೆ. ಅಲ್ಲಿಗೆ ಆ ಮಾತು ಮುಗಿಯಿತು.

ತೊಡಕು ಇರುವುದು ‘ನರ’ದಲ್ಲಿ. ಡಾಕ್ಟರು ಒಳಗೆ ಹುಡುಕುವುದು ರಕ್ತ ಹರಿಯುವ ನಾಳವನ್ನು. ಆದರೆ ನಾವು ಆಡುವಾಗ ಅದನ್ನೂ ನರ ಅಂತಲೇ ಅನ್ನುತ್ತೇವೆ. ‘ಸಲೈನ್ ಹಾಕೋಕೆ ನರ ಸಿಗ್ತಿಲ್ಲ’, ‘ಕೈಯ ನರ ಉಬ್ಬಿದೆ’ ಅಂತೀವಿ, ಅಲ್ವಾ? ಹಿಂದಿಯ ‘ನಸ್’ ಕೂಡ ಹೀಗೇ ಎರಡೂ ಕಡೆ ಓಡಾಡುತ್ತದೆ. ಇನ್ನೊಂದು ಕಡೆ ನರರೋಗ, ನರದೌರ್ಬಲ್ಯ ಎಂದಾಗ ಅದು ಮಿದುಳಿನ ಸಂದೇಶ ಒಯ್ಯುವ ತಂತು. ಇದೇ ಹಾಳೆಯಲ್ಲಿ ಬೊಟಾಕ್ಸ್, ಅಂದರೆ ಮುಖದ ಸುಕ್ಕು ಕಡಿಮೆ ಮಾಡುವ ಚುಚ್ಚುಮದ್ದು ಕೂಡ ಬರುತ್ತದೆ. ಬೊಟಾಕ್ಸ್ ಕೆಲಸ ಮಾಡುವುದೇ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆದು. ಅಲ್ಲಿ ನರ ಅನ್ನಲೇಬೇಕು.

ಇದು ಸುಮ್ನೆ ಪದದ ಹಟ ಅಲ್ಲ. ಫಿಲ್ಲರ್ ಅಂದರೆ ಹೆಚ್ಚಾಗಿ ಹಯಲೂರಾನಿಕ್ ಆಸಿಡ್ಡಿನ ಜೆಲ್. ಅದು ರಕ್ತನಾಳದೊಳಗೆ ಸೇರಿದರೆ ಮುಂದಿನ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಚರ್ಮ ಬಿಳುಚಿಕೊಳ್ಳುತ್ತದೆ, ಆಮೇಲೆ ಬಲೆಯ ಹಾಗೆ ನೇರಳೆ ಗೆರೆಗಳು ಮೂಡುತ್ತವೆ, ಹಲವರಿಗೆ ಜೋರು ನೋವೂ ಬರುತ್ತದೆ. ಬಿಟ್ಟರೆ ಅಲ್ಲಿನ ಚರ್ಮ ಸಾಯಬಹುದು. ಮೂಗಿನ ನಾಳಗಳು ಮತ್ತು ಎರಡು ಹುಬ್ಬುಗಳ ನಡುವಿನ ನಾಳಗಳು ಕಣ್ಣಿನ ನಾಳಗಳ ಜೊತೆ ಕೂಡಿಕೊಂಡಿವೆ. ಹಾಗಾಗಿ ಅಪರೂಪಕ್ಕೆ ದೃಷ್ಟಿಯೇ ಹೋಗುವುದುಂಟು. ಈ ಜೆಲ್ ಕರಗಿಸಲು ಹಯಲೂರಾನಿಡೇಸ್ ಎಂಬ ಔಷಧಿ ಇದೆ, ಆದರೆ ಅದನ್ನು ಬೇಗ ಕೊಡಬೇಕು. ಜೆಲ್ ಎಲ್ಲಿ ಕೂತಿದೆ ಎಂದು ನೋಡಿ ಅಲ್ಲಿಗೇ ಔಷಧಿ ಕೊಡಲು ಮತ್ತೆ ಸೋನೋಗ್ರಫಿ ನೆರವಾಗುತ್ತದೆ. ‘ನರ ಕಟ್ಟಿಕೊಳ್ಳಬಹುದು’ ಎಂದು ನಾನು ಬರೆದರೆ ಓದಿದವರು ಜೋಮು ಹಿಡಿಯುವುದನ್ನೋ ಮರಗಟ್ಟುವುದನ್ನೋ ಕಾಯುತ್ತಾ ಕೂರುತ್ತಾರೆ. ಚರ್ಮ ಬಿಳುಚಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅದಕ್ಕೆ ‘ರಕ್ತನಾಳ ಬ್ಲಾಕ್ ಆಗುವುದು’ ಎಂದು ಬರೆದಿದ್ದೇನೆ. ಹಾರ್ಟಿನ ಬ್ಲಾಕ್ ಕೇಳದ ಮನೆ ಇಲ್ಲ, ಹಾಗಾಗಿ ಇದು ನೇರ ತಲುಪುತ್ತದೆ ಎಂದು ನನ್ನ ನಂಬಿಕೆ.

ಇನ್ನೂ ಬಗೆಹರಿಯದ್ದು ಎರಡು ಬಗೆಯ ನಾಳಗಳ ಹೆಸರು. ಪಠ್ಯಪುಸ್ತಕದ ಅಪಧಮನಿ (ಹೃದಯದಿಂದ ರಕ್ತ ಒಯ್ಯುವುದು), ಅಭಿಧಮನಿ (ಹೃದಯಕ್ಕೆ ರಕ್ತ ತರುವುದು) ಕೇಳುವುದಕ್ಕೆ ಒಂದೇ ಥರ. ಶಾಲೆ ಬಿಟ್ಟವರಿಗೆ ಯಾವುದು ಹೃದಯದಿಂದ ಹೊರಟದ್ದು, ಯಾವುದು ಹೃದಯಕ್ಕೆ ಹೋಗುವುದು ನೆನಪಿರುವುದಿಲ್ಲ. ಇಲ್ಲಿ ಮರಾಠಿ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಇವೆರಡರ ಮರಾಠಿ ಹೆಸರು ರೋಹಿಣಿ (ಅಪಧಮನಿ), ನೀಲಾ (ಅಭಿಧಮನಿ) ಗೊತ್ತು. ಅದನ್ನು ನೋಡಿ ಗೆಳತಿಯೊಬ್ಬರು ‘ಕೆಂಪುನಾಳ, ನೀಲಿನಾಳ’ ಮಾಡೋಣ ಅಂದರು. ಕೇಳಲು ಚೆನ್ನಾಗಿದೆ, ಆದರೆ ಇಲ್ಲಿ ಅದು ದಾರಿ ತಪ್ಪಿಸುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಸೋನೋಗ್ರಫಿಯ, ಅಂದರೆ ಕಲರ್ ಡಾಪ್ಲರಿನ ಪರದೆಯ ಮೇಲೂ ಕೆಂಪು, ನೀಲಿ ಕಾಣುತ್ತವೆ. ಸಾಮಾನ್ಯವಾಗಿ ಪ್ರೋಬಿನ (ಚರ್ಮದ ಮೇಲೆ ಹಿಡಿಯುವ ಸಾಧನ) ಕಡೆಗೆ ಬರುವ ರಕ್ತ ಕೆಂಪು, ಅದರಿಂದ ದೂರ ಹೋಗುವುದು ನೀಲಿ. ಪ್ರೋಬ್ ಓರೆ ಮಾಡಿದರೆ ಅದೇ ನಾಳದ ಬಣ್ಣ ಬದಲಾಗಬಹುದು. ಪರದೆ ನೋಡುತ್ತಾ ಮಲಗಿದವರಿಗೆ ಈ ಹೆಸರು ಕೊಟ್ಟರೆ ಗೊಂದಲ ಖಂಡಿತ.

ಸದ್ಯಕ್ಕೆ ‘ಮಿಡಿಯುವ ನಾಳ’ ಎಂದು ಇಟ್ಟಿದ್ದೇನೆ, ಯಾಕೆಂದರೆ ನಾಡಿ ಮಿಡಿಯುವುದು ಅಪಧಮನಿಯಲ್ಲೇ. ಇನ್ನೊಂದಕ್ಕೆ ಹೆಸರು ಸಿಕ್ಕಿಲ್ಲ. ಉತ್ತರ ಕರ್ನಾಟಕ, ಕರಾವಳಿ ಕಡೆಯ ಮನೆಮಾತಿನಲ್ಲಿ ಇವೆರಡನ್ನು ಬೇರೆ ಮಾಡುವ ಪದಗಳೇನಾದರೂ ಇವೆಯೇ? ‘ಮಿಡಿಯುವ ನಾಳ’ ನಿಮ್ಮ ಮನೆಯ ಹಿರಿಯರಿಗೆ ವಿವರಿಸದೆ ಅರ್ಥವಾಗುತ್ತದೆಯೇ ಎಂದೂ ಕೇಳಿ ತಿಳಿಸಿ.