ಗುಡ್ಡಗಳು ಸುತ್ತಾಗಿ ನಿಂತಿದ್ದರೆ ಅದು ಕ್ಷುದ್ರಗ್ರಹ ಬಿದ್ದ ಜಾಗವೇ?

ಪ್ರಶ್ನೆ (ಮಧುಗಿರಿ): ಸರ್, ಗೂಗಲ್ ಅರ್ಥ್‌ನಲ್ಲಿ ಸುಮ್ನೆ ನಮ್ಮೂರು ನೋಡುತ್ತಿದ್ದೆ. ಊರಿನ ಪಡುವಣಕ್ಕೆ ಗುಡ್ಡಗಳು ಹೆಚ್ಚುಕಡಿಮೆ ಪೂರ್ತಿ ಸುತ್ತಾಗಿ ನಿಂತಿವೆ. ನಡುವೆ ತಗ್ಗು, ಅಲ್ಲಿ ರಾಗಿ, ಕಡಲೆಕಾಯಿ ಹೊಲ. ಅಡ್ಡಳತೆ ಎರಡು ಕಿ.ಮೀ. ಇರಬಹುದು. ಕ್ಷುದ್ರಗ್ರಹ ಬಿದ್ದು ಆದ ಮಹಾರಾಷ್ಟ್ರದ ಲೋಣಾರ್ ಕುಳಿಯೂ ಇಷ್ಟೇ ಅಲ್ವಾ? ಊರಿನ ವಾಟ್ಸಾಪ್ ಗುಂಪಿನಲ್ಲಿ ಇದೂ ಅದೇ ಅಂತ ಆಗಲೇ ತೀರ್ಮಾನ ಆಗಿದೆ.

ಉತ್ತರ (ಭೂವಿಜ್ಞಾನಿ): ಲೋಣಾರ್ 1.8 ಕಿ.ಮೀ., ಅಳತೆ ಹತ್ತಿರವೇ ಇದೆ. ಆದರೆ ಆಕಾರ ನೋಡಿ ಹುಡುಕಾಟ ಶುರು ಮಾಡಬಹುದು, ಮುಗಿಸೋಕೆ ಆಗಲ್ಲ.

ನಿಮ್ಮ ಕಡೆಯದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದಿಂದ ಮಧುಗಿರಿ, ಪಾವಗಡ ದಾಟಿ ಹೋಗುವ ಸಾಲು. ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಕಲ್ಲು ಕೆಳಗಿನಿಂದ ಮೇಲೆದ್ದು, ನೆಲದೊಳಗೇ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಗಟ್ಟಿಯಾಯಿತು. ಮೇಲಿನ ಹೊದಿಕೆ ಸವೆದ ಮೇಲೆ ನಮಗೆ ಕಾಣುತ್ತಿದೆ. ಹೀಗೆ ಎದ್ದ ಗ್ರಾನೈಟ್ ದುಂಡಗಿರುವುದು ಮಾಮೂಲು. ಬಿರುಕು ಜಾಸ್ತಿ ಇರುವ ಕಡೆ ನೀರು ಇಳಿದು ಕಲ್ಲು ಮಣ್ಣಾಗುತ್ತದೆ, ಬಿರುಕು ಕಡಿಮೆ ಇರುವ ಕಡೆ ಗುಡ್ಡ ಉಳಿಯುತ್ತದೆ. ನಡುವಿನದು ಮೊದಲು ಸವೆದರೆ ಸುತ್ತ ಗುಡ್ಡ, ಒಳಗೆ ಹೊಲ. ನಿಮ್ಮೂರಿನದು ಬಹುಶಃ ಇದೇ.

ಆಕಾರ ನಂಬಿ ದೊಡ್ಡವರೂ ಎಡವಿದ್ದಾರೆ. ಆಫ್ರಿಕಾದ ಮಾರಿಟಾನಿಯಾದಲ್ಲಿ ರಿಶಾಟ್ ಅಂತ ಇದೆ, ಸುಮಾರು 40 ಕಿ.ಮೀ. ಅಗಲ, ಒಂದರೊಳಗೊಂದು ಸುತ್ತು. ಮೊದಲು ಉಲ್ಕೆ ಅಂದರು. ಕಲ್ಲು ಪರೀಕ್ಷೆ ಮಾಡಿದರೆ, ಉಬ್ಬಿದ ಪದರಗಳು ಸವೆದು ಹಾಗೆ ಕಂಡಿದ್ದವು. ಅಮೆರಿಕದ ಅರಿಜೋನಾದ ಕುಳಿಯದ್ದು ಉಲ್ಟಾ ಕಥೆ. 1890ರ ದಶಕದಲ್ಲಿ ಗಿಲ್ಬರ್ಟ್ ಎಂಬ ಹೆಸರಾಂತ ಭೂವಿಜ್ಞಾನಿ ಅದು ನೆಲದೊಳಗಿನ ಹಬೆ ಸಿಡಿದು ಆದದ್ದು ಅಂದರು. 1960ರಲ್ಲಿ ಅಲ್ಲಿ ಕೋಯೆಸೈಟ್ ಸಿಕ್ಕಿತು, ಉಲ್ಕೆ ಬಿದ್ದೇ ಆದದ್ದು ಅಂತ ವಾದ ಮುಗಿಯಿತು.

ಪ್ರಶ್ನೆ (ಅದೇ ಸದಸ್ಯರು): ಕೋಯೆಸೈಟ್ ಅಂದರೆ? ನಾವು ಹುಡುಕಬಹುದಾ?

ಉತ್ತರ: ಭಾರಿ ಒತ್ತಡದಲ್ಲಿ ಹುಟ್ಟುವ ಸಿಲಿಕಾ ಅದು, ಬೆಣಚುಕಲ್ಲಿನಲ್ಲಿರುವ ವಸ್ತುವೇ. ಬರಿಗಣ್ಣಿಗೆ ಸಿಗಲ್ಲ. ನಾವು ಸಾಮಾನ್ಯವಾಗಿ ನೋಡುವುದು ಬೆಣಚುಕಲ್ಲಿನ ಹರಳನ್ನು. ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಏಟು ತಿಂದ ಹರಳಿನೊಳಗೆ ಒತ್ತೊತ್ತಾಗಿ ನೇರ ಗೆರೆಗಳು ಕಾಣುತ್ತವೆ. ಒಂದೇ ಹರಳಿನಲ್ಲಿ ಎರಡು ಮೂರು ದಿಕ್ಕಿಗೆ, ಪ್ರತಿ ದಿಕ್ಕಿನಲ್ಲೂ ಗೆರೆಗಳು ಸಮಾನಾಂತರ. ಇದಕ್ಕೆ ಲಕ್ಷ ವಾಯುಭಾರದಷ್ಟು ಒತ್ತಡ ಬೇಕು. ಜ್ವಾಲಾಮುಖಿಗೂ ಅದು ಆಗಲ್ಲ. ಅಣುಬಾಂಬ್ ಪರೀಕ್ಷೆ ನಡೆದ ಜಾಗದಲ್ಲಿ ಮಾತ್ರ ಹೀಗೇ ಸಿಕ್ಕಿದೆ.

ಬರಿಗಣ್ಣಿಗೆ ಸಿಗುವ ಗುರುತು ಒಂದೇ, ಶಂಕುವಿನಾಕಾರದ ಒಡಕು. ತುದಿಯಿಂದ ಕೆಳಕ್ಕೆ ಕುದುರೆಬಾಲದ ಕೂದಲಿನಂತೆ ಗೆರೆ ಹರಡಿರುತ್ತದೆ.

ಪ್ರಶ್ನೆ (ಚಿಕ್ಕಬಳ್ಳಾಪುರ): ನಮ್ಮ ಕಡೆ ಕ್ವಾರಿಯಲ್ಲಿ ಅಂಥ ಗೆರೆ ಬೇಕಾದಷ್ಟಿವೆ!

ಉತ್ತರ: ಅವು ಎಲ್ಲಿಂದ ಶುರುವಾಗಿವೆ ನೋಡಿ. ಕೊರೆದ ತೂತಿನ ಅರ್ಧ ಗುರುತು ಬಂಡೆಯಲ್ಲಿ ಉಳಿದಿದ್ದು, ಗೆರೆ ಅಲ್ಲಿಂದಲೇ ಹೊರಟಿದ್ದರೆ ಅದು ಸಿಡಿಮದ್ದಿನ ಕೆಲಸ.

ಪ್ರಶ್ನೆ (ಕೋಲಾರ): ಹೊಲದಲ್ಲಿ ಕಪ್ಪು ಕಲ್ಲು ಸಿಕ್ಕಿದೆ. ತೂಕ ಇದೆ, ಅಯಸ್ಕಾಂತಕ್ಕೆ ಅಂಟುತ್ತೆ. ಉಲ್ಕೆ ತಾನೇ?

ಉತ್ತರ: ಒಡೆದ ಮುಖದಲ್ಲಿ ಸಣ್ಣ ಸಣ್ಣ ಗುಳ್ಳೆ ತೂತುಗಳಿವೆಯಾ? ಇದ್ದರೆ ಹೆಚ್ಚಾಗಿ ಕಬ್ಬಿಣದ ಕಿಟ್ಟ. ಹಿಂದೆ ನಮ್ಮ ಕಡೆ ಹಳ್ಳಿಗಳಲ್ಲೇ ಕಬ್ಬಿಣ ಕರಗಿಸುತ್ತಿದ್ದರು, ಕಿಟ್ಟ ಇವತ್ತಿಗೂ ಉಳುವಾಗ ಏಳುತ್ತದೆ. ಉಲ್ಕೆಗಳಲ್ಲಿ ಅಂಥ ಗುಳ್ಳೆ ಇರುವುದು ಬಲು ಅಪರೂಪ.

ಪ್ರಶ್ನೆ (ಮಧುಗಿರಿ): ಅಂದರೆ ನಮ್ಮ ಕಡೆ ಏನೂ ಬಿದ್ದೇ ಇಲ್ಲವಾ?

ಉತ್ತರ: ಬಿದ್ದಿರುತ್ತವೆ ಸ್ವಾಮಿ, 250 ಕೋಟಿ ವರ್ಷ ಅಂದರೆ ಹುಡುಗಾಟವಾ! ಗುರುತು ಉಳಿಯಬೇಕಲ್ಲ. ಮಧ್ಯಪ್ರದೇಶದ ಢಾಲಾ ಕುಳಿ ಸುಮಾರು 11 ಕಿ.ಮೀ. ಅಗಲ, ಬಹಳ ಹಳೆಯದು. ಮೇಲೆ ಬೇರೆ ಪದರ ಬಂದು ಮುಚ್ಚಿಕೊಂಡಿದ್ದಕ್ಕೆ ಅಷ್ಟಾದರೂ ಉಳಿಯಿತು. ರಾಜಸ್ಥಾನದ ರಾಮಗಢದಲ್ಲಿ ಬಯಲಿನ ನಡುವೆ ಗುಡ್ಡಗಳ ಸುತ್ತು ಎದ್ದು ಕಾಣುತ್ತದೆ. 19ನೇ ಶತಮಾನದಲ್ಲೇ ಗುರುತಿಸಿದ್ದರೂ, ಬಿದ್ದು ಆದದ್ದೇ ಅಂತ ವಾದ ಮುಗಿಯಲು 2020ರ ಹತ್ತಿರ ಬರಬೇಕಾಯಿತು.

ನಿಮಗೆ ಆಸೆ ಇದ್ದರೆ ತಗ್ಗಿನ ನಡುಭಾಗದಲ್ಲಿ ಬಾವಿ ತೋಡಿದಾಗ ತಳದಿಂದ ಬಂದ ಕಲ್ಲು ಬದಿಯಲ್ಲಿ ಬಿದ್ದಿದೆಯಾ ನೋಡಿ. ಮುಷ್ಟಿಗಾತ್ರದ್ದು, ಕೊಳೆಯದೇ ಇರುವುದು ಬೇಕು. ಎಲ್ಲಿ ಸಿಕ್ಕಿತು, ಎಷ್ಟು ಆಳದ್ದು ಅಂತ ಬರೆದಿಟ್ಟು, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಸೂಕ್ಷ್ಮದರ್ಶಕಕ್ಕೆ ಬೇಕಾದ ಆ ತೆಳುಪದರ ಉಜ್ಜಿ ಮಾಡಿಕೊಡುತ್ತಾರಾ ಕೇಳಿ. ಫೋಟೋ ಬಂದರೆ ಇಲ್ಲೇ ಹಾಕಿ, ನೋಡೋಣ.