ಬಲರಾಮನ ತಲೆಯ ಮೇಲೆ ತೆಂಗಿನ ಗೊನೆಗಳ್

ಸಾಗರದ ಮೇಷ್ಟ್ರು:
ಈ ವಾರದ ಸಮಸ್ಯೆ, ಅಂದರೆ ಪದ್ಯ ಕಟ್ಟಿ ಬಿಡಿಸಬೇಕಾದ ಒಗಟಿನ ಸಾಲು, ಮೇಲಿದೆ. ಕಂದಪದ್ಯದ ನಾಲ್ಕನೇ ಸಾಲು ಅದು, ಉಳಿದ ಮೂರು ನಿಮ್ಮದು. ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ, ‘ಲ’; ಅದರ ಹಿಂದೆ ಲಘು, ಒಂದು ಮಾತ್ರೆಯ ಅಕ್ಷರ. ಮಳೆ ಬಿಟ್ಟಿಲ್ಲ, ತೋಟಕ್ಕೆ ಯಾರೂ ಇಳಿದಿರೋದಿಲ್ಲ. ನೆಪ ಬೇಡ.

ತೀರ್ಥಹಳ್ಳಿ ಅಕ್ಕ:
ಹೊಲದಂಚಿನ ಬಯಲಾಟದ
ನಲಿವಿಂ ಕುಣಿವಾಗ ಮರದ ಕೆಳಗಡೆ ವೇಷಂ
ಒಲೆದುವು ಗಾಳಿಗೆ ಗರಿಗಳ್
ಬಲರಾಮನ ತಲೆಯ ಮೇಲೆ ತೆಂಗಿನ ಗೊನೆಗಳ್

ಬಲರಾಮನ ವೇಷ ಕುಣಿಯುತ್ತಿತ್ತು, ಮೇಲೆ ತೆಂಗಿನ ಮರ ಇತ್ತು. ಮುಗೀತಲ್ವಾ?

ಸಾಗರದ ಮೇಷ್ಟ್ರು:
ಮಾತ್ರೆ ಸರಿ ಇದೆ ಅಕ್ಕ. ಆರನೇ ಗಣ, ಅಂದರೆ ಆರನೇ ನಾಲ್ಕು ಮಾತ್ರೆಯ ಗುಂಪು, ‘ಗ ಮರದ’ ನಾಲ್ಕೂ ಲಘು, ಮೊದಲ ಲಘುವಿಗೆ ಯತಿಯೂ (ನಿಲುಗಡೆ) ಬಿದ್ದಿದೆ. ಆದರೆ ಇದು ಜಾರಿಕೊಳ್ಳುವ ದಾರಿ. ಪ್ರಾಸ ಒಂದು ಬಿಟ್ಟರೆ ಆ ಮರದ ಕೆಳಗೆ ಭೀಮನನ್ನು ನಿಲ್ಲಿಸಿದರೂ ನಡೆಯುತ್ತೆ. ಬಲರಾಮನೇ ಯಾಕೆ?

ಹೊಸನಗರದ ಹುಡುಗ:
ಮೇಷ್ಟ್ರೇ, ಸಿಕ್ಕಿತು.

ಹಲಧರನೊಡನೆಯೆ ತೆಂಗುಂ
ಸಲೆ ಲಾಂಗಲಿಯೆಂಬ ಪೆಸರನಾಂತಿರೆ ನೋಡೈ
ಸುಲಭಂ ಬಿಡಿಸಲ್ಕೀ ನುಡಿ
ಬಲರಾಮನ ತಲೆಯ ಮೇಲೆ ತೆಂಗಿನ ಗೊನೆಗಳ್

ಲಾಂಗಲ ಅಂದರೆ ನೇಗಿಲು. ನೇಗಿಲು ಹಿಡಿದವನು ಲಾಂಗಲಿ, ಅಂದರೆ ಬಲರಾಮ. ಸಂಸ್ಕೃತದ ಪದಕೋಶ ಅಮರಕೋಶ ತೆಂಗಿಗೂ ಅದೇ ಹೆಸರು ಕೊಡುತ್ತೆ: ‘ನಾಲಿಕೇರಸ್ತು ಲಾಂಗಲೀ’. ಹಾಗಾಗಿ ಇಲ್ಲಿ ಬಲರಾಮನ ತಲೆ ಅಂದರೆ ತೆಂಗಿನ ಮರದ ತಲೆ.

ಸಾಗರದ ಮೇಷ್ಟ್ರು:
ಭೇಷ್! ನಾನು ಬಚ್ಚಿಟ್ಟಿದ್ದು ಅದನ್ನೇ.

ತೀರ್ಥಹಳ್ಳಿ ಅಕ್ಕ:
ಒಪ್ಪಿದೆ. ಆದರೂ ತೆಂಗಿಗೂ ನೇಗಿಲಿಗೂ ಎಲ್ಲಿಯ ನಂಟು ಮಾರಾಯ?

ಹೊಸನಗರದ ಹುಡುಗ:
ನನ್ನದು ಬರೀ ಊಹೆ ಅಕ್ಕ. ನಮ್ಮ ಹಿತ್ತಲಿನ ಮರ ಬಿಸಿಲು ಹುಡುಕಿಕೊಂಡು ಬಾವಿಯ ಮೇಲೆ ಬಾಗಿದೆ. ಬುಡದ ಹತ್ತಿರದ ಆ ತಿರುವು ನೋಡಿದರೆ ನೇಗಿಲು ಅನ್ನಬಹುದು. ಬೇಲಿಯಲ್ಲಿ ಅರಳುತ್ತಲ್ಲ, ಕೆಂಪು ಹಳದಿ ಅಗ್ನಿಶಿಖೆ, ಅದಕ್ಕೂ ಲಾಂಗಲಿ ಅಂತಾರೆ. ಅದರ ಗೆಡ್ಡೆ ಮಾತ್ರ ಥೇಟ್ ನೇಗಿಲಿನ ಹಾಗೆ. ಗೆಡ್ಡೆ ವಿಷ, ಹುಷಾರು. ಎಳನೀರಿನ ಲಾಂಗಲಿ ಬೇರೆ, ಇದು ಬೇರೆ.

ಶಿವಮೊಗ್ಗದಿಂದ ಒಬ್ಬರು:
ನಾರಿಕೇಲ ಅನ್ನೋದನ್ನು ‘ನಾರಿ’ ಅಂತ ಒಡೆದು ಹೆಂಗಸರ ಮೇಲೆ ಪದ್ಯ ಕಟ್ಟುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ನಾರಿಕೇಲ, ನಾರಿಕೇರ, ನಾಲಿಕೇರ, ನಾಳಿಕೇರ: ಒಂದೇ ಪದಕ್ಕೆ ಇಷ್ಟು ರೂಪ ಇದ್ದರೆ ಅದು ಹೊರಗಿಂದ ಬಂದ ಪದ ಅನ್ನೋ ಗುಮಾನಿ ಬರುತ್ತೆ. ದ್ರಾವಿಡ ಮೂಲ ಹೇಳುವ ಪಂಡಿತರು ಮೊದಲ ತುಂಡಿನಲ್ಲಿ ನಮ್ಮ ‘ನಾರು’ ಕಾಣುತ್ತಾರೆ. ನನಗೂ ಅದೇ ಸರಿ ಅನಿಸುತ್ತೆ. ಕಾಯಿ ಸುಲಿದವರಿಗೆ ಮೊದಲು ಕೈಗೆ ಸಿಗೋದು ನಾರೇ ಅಲ್ವಾ? ಅದೇ ಪದ ಪಾರಸಿಗೆ ಹೋಗಿ ‘ನಾರ್ಗೀಲ್’ ಆಯಿತು. ಹುಕ್ಕಾಕ್ಕೆ ‘ನಾರ್ಗಿಲೆ’ ಅಂತ ಹೆಸರು ಬಂದಿದ್ದೂ ಅಲ್ಲಿಂದಲೇ, ಮೊದಲು ಅದರ ಬುರುಡೆ ತೆಂಗಿನ ಚಿಪ್ಪಿನದು.

ಸಾಗರದ ಮೇಷ್ಟ್ರು:
ಇನ್ನೊಂದು ಮಜಾ ಇದೆ. ರಾಜನಿಘಂಟು ಅನ್ನೋ ಹಳೆಯ ಆಯುರ್ವೇದ ಕೋಶದಲ್ಲಿ ತೆಂಗಿಗೆ ‘ದಾಕ್ಷಿಣಾತ್ಯ’ ಅನ್ನೋ ಹೆಸರಿದೆ, ತೆಂಕಣದ್ದು ಅಂತ. ನಮ್ಮ ‘ತೆಂಗು’ ಕೂಡ ತೆಂಕಣದ ‘ತೆನ್’ನಿಂದಲೇ ಬಂದಿದ್ದು ಅಂತ ಹಲವರ ಮತ. ಹಾಗಾದರೆ ದಕ್ಷಿಣದಲ್ಲಿ ಕೂತ ನಾವೇ ಅದನ್ನು ಇನ್ನೂ ದಕ್ಷಿಣದಿಂದ ಬಂದ ನೆಂಟ ಅಂತ ಕರೆದಿದ್ದೇವೆ. ‘ದುರಾರುಹ’ ಅಂತಲೂ ಇದೆ, ಹತ್ತೋದು ಕಷ್ಟ ಅಂತ.

ತೀರ್ಥಹಳ್ಳಿ ಅಕ್ಕ:
ಅದನ್ನು ಇಟ್ಟವರು ಆಷಾಢದ ಮಳೆಯಲ್ಲಿ ಮಲೆನಾಡಿಗೆ ಬಂದಿದ್ದರು ಅಂತ ಕಾಣುತ್ತೆ. ಅಡಿಕೆ ಮರದಿಂದ ಮರಕ್ಕೆ ಹಾರುವ ನಮ್ಮ ಕೊನೆಗೌಡ ಕೂಡ ಈಗ ತೆಂಗು ಅಂದರೆ ಕೈ ಮುಗಿಯುತ್ತಾನೆ. ಮಂಗಗಳಿಗೆ ಮಾತ್ರ ಯಾವ ದುರಾರುಹವೂ ಇಲ್ಲ.

ಹೊಸನಗರದ ಹುಡುಗ:
ಅದೇ ಪಟ್ಟಿಯಲ್ಲಿ ‘ತ್ರ್ಯಂಬಕಫಲ’ ಇದೆ, ಮೂರು ಕಣ್ಣಿನ ಕಾಯಿ. ಬೆಳಿಗ್ಗೆ ಒಂದು ಕಾಯಿಯ ಜುಟ್ಟು ಕಿತ್ತು ನೋಡಿದೆ. ಎರಡು ಕಣ್ಣಿಗೆ ಹಿಡಿಕಡ್ಡಿ ಊರಿದರೆ ಕಡ್ಡಿಯೇ ಮುರಿಯಿತು. ಮೂರನೆಯದಕ್ಕೆ ಸಲೀಸಾಗಿ ಇಳಿಯಿತು, ನೀರು ಚಿಮ್ಮಿತು. ಮೊಳಕೆ ಬರೋದೂ ಆ ಮೆದು ಕಣ್ಣಿನಿಂದಲೇ.

ಸಾಗರದ ಮೇಷ್ಟ್ರು:
ಗೆದ್ದವನು ನೀನು. ಮುಂದಿನ ಸಮಸ್ಯೆ ನಿನ್ನದೇ, ಕೊಡು.

ಹೊಸನಗರದ ಹುಡುಗ:
ಕೊಟ್ಟೆ.

ಮುಕ್ಕಣ್ಣನ ತಲೆಯನೊಡೆದು ಪೂಜಿಸೆ ಪುಣ್ಯಂ

ತೀರ್ಥಹಳ್ಳಿ ಅಕ್ಕ:
ಉತ್ತರ ಮೇಲೇ ಹೇಳಿಬಿಟ್ಟೆಯಲ್ಲೋ! ಪ್ರಾಸ ‘ಕ್ಕ’. ‘ಅಕ್ಕ’ ಅಂತಲೇ ಶುರು ಮಾಡುತ್ತೇನೆ, ತಡಿ. ಒಲೆ ಮೇಲೆ ಹಾಲಿದೆ.